ಏಳನೆಯ ಬಾಗಿಲು ಖಾಲಿ ಇದೆ

೬ನೇ ಬಾಗಿಲು, ಟೊರೋವಾ ರಸ್ತೆ, ಆಕ್ಲೆಂಡ್
ಜೂನ್ ೧೦, ೨೦೨೪

ನೋಲೀನ್,

ಮೂರು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿದ ಕೂಡಲೇ ಒಲೆಗೆ ಹಾಕುತ್ತೀಯೆಂದು ಗೊತ್ತಿದ್ದರಿಂದ ವಿಳಾಸವನ್ನು ನನ್ನ ತಮ್ಮ ಟವಿಟನ ಕೈಲಿ ಬರೆಸಿದ್ದೇನೆ. ಇಷ್ಟು ಓದಿದ ಮೇಲೆ ಉಳಿದದ್ದನ್ನೂ ಓದಿಬಿಡು. ಫೋನು ಮಾಡೋಣವೆಂದರೆ, ಅರ್ಧಂಬರ್ಧ ಕೇಳಿಸುತ್ತಿದ್ದ ನಿನ್ನ ಕಿವಿ ಈಗ ಪೂರ್ತಿ ಹೋಗಿದೆಯೆಂದು ನಿನ್ನ ತಂಗಿಯ ಮಗಳು ರೇವಿನ್ ಹೇಳಿದಳು.

ವಿಷಯ ಇಷ್ಟು. ನಮ್ಮ ಹಳೆಯ ಸರ್ಕಾರಿ ಮನೆಗಳನ್ನು ಕೆಡವಿದ ಜಾಗದಲ್ಲಿ ಹೊಸ ಕಟ್ಟಡ ಎದ್ದಿದೆ. ನಾನು ವಾಪಸು ಬಂದಿದ್ದೇನೆ. ಒಟ್ಟು ಇಪ್ಪತ್ತನಾಲ್ಕು ಮನೆ, ಇಪ್ಪತ್ತನಾಲ್ಕು ಬಾಗಿಲು. ಹನ್ನೆರಡು ನಮ್ಮಂಥ ಸರ್ಕಾರಿ ಬಾಡಿಗೆಯವರಿಗೆ, ಹನ್ನೆರಡು ದುಡ್ಡು ಸುರಿದು ಕೊಂಡವರಿಗೆ. ಎಲ್ಲರಿಗೂ ಒಂದೇ ಗೇಟು, ಒಂದೇ ಅಂಗಳ. ಬಾಗಿಲುಗಳಿಗೆಲ್ಲ ಒಂದೇ ಬಣ್ಣ. ಯಾವುದು ಯಾರದೆಂದು ತಿಳಿಯಬಾರದಂತೆ. ತಿಳಿಯದೆ ಏನು? ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿದ್ದರೆ ನಮ್ಮದು, ಸೈಕಲ್ಲು ನೇತಾಡುತ್ತಿದ್ದರೆ ಅವರದು.

ನನ್ನದು ನೆಲಮಟ್ಟದ ಆರನೆಯ ಬಾಗಿಲು. ಪಕ್ಕದ ಏಳನ್ನು ನಿನಗೆಂದು ಇಟ್ಟಿದ್ದಾರೆ. ಅದಕ್ಕೆ ಕಾಗದ ಬರೆದರೂ ನೀನು ಉತ್ತರಿಸಿಲ್ಲವಂತೆ. ವಸತಿ ಕಚೇರಿಯ ಹುಡುಗಿ ನನ್ನನ್ನು ಕೇಳಿದಳು. ನವೆಂಬರ್ ಮೂವತ್ತರೊಳಗೆ ಹೂಂ ಅನ್ನದಿದ್ದರೆ ಬೇರೆಯವರಿಗೆ ಹೋಗುತ್ತದೆ. ನಮ್ಮ ಬೀದಿಯ ಹದಿನಾರು ಸಂಸಾರಗಳಲ್ಲಿ ವಾಪಸು ಬಂದದ್ದು ಐದೇ. ಉಳಿದವರು ಎಲ್ಲೆಲ್ಲೋ ನೆಲೆ ನಿಂತುಬಿಟ್ಟರು.

ಅವತ್ತು ಮನೆ ಬಿಟ್ಟುಕೊಡುವ ಕಾಗದಕ್ಕೆ ಬೀದಿಯಲ್ಲಿ ಮೊದಲು ಸಹಿ ಹಾಕಿದವಳು ನಾನು. ನಿನಗೆ ಹೇಳದೆ ಹಾಕಿದೆ. ಅದನ್ನು ಕಾಗದದಲ್ಲಿ ಬರೆಯಲು ನನಗೆ ಬರುವುದಿಲ್ಲ. ಏಳನೆಯ ಬಾಗಿಲು ಖಾಲಿ ಇದೆ, ಅಷ್ಟೇ.

ಫುವಾಟಿನೊ


ಓಮರೂ
ಜೂನ್ ೨೪

ಫುವಾಟಿನೊ,

ಟವಿಟನ ಅಕ್ಷರ ನನಗೆ ಗೊತ್ತಾಗುವುದಿಲ್ಲವೆಂದುಕೊಂಡೆಯಾ? ಬಿಸ್ಕತ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಅವನು ಬರೆದ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹುಡುಕಿದವಳು ನಾನು. ಬದುಕಿದ್ದೀಯೆಂದು ತಿಳಿದು ಸಂತೋಷವಾಯಿತು. ಬರುವುದಿಲ್ಲ.

ನಮ್ಮ ಹಳೆಯ ಬೀದಿಯಲ್ಲಿ ಎಲ್ಲರ ಮನೆಯೂ ಸೋರುತ್ತಿತ್ತು, ಹಾಗಾಗಿ ಯಾರಿಗೂ ಯಾರ ಮುಂದೆಯೂ ನಾಚಿಕೆ ಇರಲಿಲ್ಲ. ಸಕ್ಕರೆ ಮುಗಿದರೆ ಎಂಟು ಮನೆಯ ಬಾಗಿಲು ತಟ್ಟಬಹುದಿತ್ತು. ಉಳ್ಳವರ ಪಕ್ಕದಲ್ಲಿ ಇಟ್ಟರೆ ನಾವು ಉದ್ಧಾರವಾಗುತ್ತೇವೆಂದು ಯಾವ ಮಹಾಶಯ ಹೇಳಿಕೊಟ್ಟನೋ. ಅವರು ಮೆಟ್ಟಿಲಲ್ಲಿ ಸಿಕ್ಕಾಗ ಹಲ್ಲು ಕಿರಿಯುತ್ತಾರೆ, ಹವೆಯ ಬಗ್ಗೆ ಎರಡು ಮಾತಾಡುತ್ತಾರೆ, ಮೇಲೆ ಹೋಗಿ ದೂರು ಬರೆಯುತ್ತಾರೆ. ಅವರು ಅವರ ಬೀದಿಯಲ್ಲಿರಲಿ, ನಾವು ನಮ್ಮದರಲ್ಲಿರೋಣ. ಯಾರಿಗೂ ತಲೆನೋವಿಲ್ಲ.

ಇಲ್ಲಿ ದಕ್ಷಿಣದ ಕಡಲ ದಂಡೆಯಲ್ಲಿ, ರೇವಿನ್ ಮನೆಯ ಬೀದಿಯಲ್ಲಿ ಎಲ್ಲರೂ ನಿವೃತ್ತರು. ಎಲ್ಲರ ಅಂಗಳದಲ್ಲೂ ಅದೇ ಗುಲಾಬಿ. ಜಗಳವೆಂಬುದೇ ಇಲ್ಲ. ನೆಲದ ಹಲಗೆಯ ಕೆಳಗೆ ಒಂದು ಪೆಂಗ್ವಿನ್ ಸಂಸಾರವಿದೆ. ಕತ್ತೆಗಳ ಹಾಗೆ ಕಿರುಚುತ್ತವೆಂದು ರೇವಿನ್ ಗೋಳಾಡುತ್ತಾಳೆ. ನನಗೇನೂ ಕೇಳಿಸುವುದಿಲ್ಲ. ಸುಖವಾಗಿದ್ದೇನೆ.

ಸಹಿಯ ವಿಷಯ ಬರೆಯಲು ಬರುವುದಿಲ್ಲವಾದರೆ ಬರೆಯಬೇಡ.

ನೋಲೀನ್

ನಿನ್ನ ಮೇಲಿನ ಮಹಡಿಯಲ್ಲಿ ಯಾರಿದ್ದಾರೆ? ಸುಮ್ಮನೆ ಕೇಳಿದೆ.


ಟೊರೋವಾ ರಸ್ತೆ
ಜುಲೈ ೨೨

ನೋಲೀನ್,

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಹೇಳುತ್ತೇನೆ. ಮೇಲೆ ಇರುವವಳು ಇಮೋಜೆನ್. ವಕೀಲೆ, ಒಂಟಿ ಹೆಣ್ಣು, ಮೂವತ್ತೈದು ಇರಬಹುದು. ಅಂಗಳದ ಸಮಿತಿಗೆ ಅವಳೇ ಮುಖ್ಯಸ್ಥೆ. ಚಾಕುವಿನಂಥ ಮೂಗು, ಆದರೆ ಮನಸ್ಸು ಕೆಟ್ಟದ್ದಲ್ಲ. ಟವಿಟನ ಮನೆಯಲ್ಲಿ ಭಾನುವಾರದ ಅಡುಗೆಯಾದಾಗಲೆಲ್ಲ ಅವಳಿಗೊಂದು ತಟ್ಟೆ ಕಳಿಸುತ್ತೇನೆ. ಕೆಸುವಿನ ಗೆಡ್ಡೆ, ಹಂದಿಮಾಂಸ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ ಪಾಲುಸಾಮಿ. ತಟ್ಟೆ ತೊಳೆದು, ಮೇಲೊಂದು 'ವಂದನೆಗಳು' ಚೀಟಿ ಇಟ್ಟು, ನನ್ನ ಬಾಗಿಲ ಮುಂದೆ ಇಟ್ಟು ಹೋಗುತ್ತಾಳೆ. ಬಾಗಿಲು ಮಾತ್ರ ತಟ್ಟುವುದಿಲ್ಲ.

ಈಗ ನಿಜವಾದ ಸಮಾಚಾರ. ಮನೆ ಕೆಡವುವ ಮೊದಲು 'ನಿಮಗೇನು ಬೇಕು' ಎಂದು ಕೇಳಲು ಕಚೇರಿಯವನೊಬ್ಬ ಬಂದಿದ್ದನಲ್ಲ? ನಾನು, ಉಮು ಹಾಕಲು ಒಂದು ಜಾಗ ಬೇಕು ಎಂದಿದ್ದೆ. ಕಾದ ಕಲ್ಲಿನ ಮೇಲೆ ಬೇಯಿಸದ ಭಾನುವಾರ ಸಮೋವಾದವರಿಗೆ ಭಾನುವಾರವೇ ಅಲ್ಲವೆಂದೂ ಹೇಳಿದ್ದೆ. ಅವನು ಬರೆದುಕೊಂಡಿದ್ದ. ಬರೆದುಕೊಂಡು ಮರೆಯುವುದು ಅವರ ಕಸುಬು ಎಂದು ನೀನು ನಕ್ಕಿದ್ದೆ. ನೋಲೀನ್, ಅವರು ಮರೆತಿಲ್ಲ! ಕಳೆದ ವಾರ ಅಂಗಳದ ಕೆಲಸ ಮುಗಿಯಿತು. ನಟ್ಟ ನಡುವೆ ದುಂಡನೆಯ ಗುಳಿ, ಅದರಲ್ಲಿ ರಂಗಿಟೋಟೊ ಬೆಟ್ಟದ ಹಾಗೆ ಕಪ್ಪಾದ ಲಾವಾ ಕಲ್ಲು, ಸುತ್ತ ಕೂರಲು ಬೆಂಚು. ಟವಿಟ ಒಂದೊಂದೇ ಕಲ್ಲನ್ನು ಕೈಲಿ ತೂಗಿ ನೋಡಿ, "ಅಕ್ಕಾ, ಒಂದೂ ಸಿಡಿಯೋ ಕಲ್ಲಲ್ಲ. ಗೊತ್ತಿರೋರೇ ಆರ್ಸಿದಾರೆ" ಎಂದ. ನನಗೆ ಕಣ್ಣು ತುಂಬಿ ಬಂತು. ಬರುವ ಭಾನುವಾರ ಮುಹೂರ್ತ.

ಫುವಾಟಿನೊ


ಟೊರೋವಾ ರಸ್ತೆ
ಜುಲೈ ೨೯

ನೋಲೀನ್,

ನಿನ್ನ ಉತ್ತರಕ್ಕೆ ಕಾಯಲು ಆಗುತ್ತಿಲ್ಲ. ಅದು ಉಮು ಅಲ್ಲ. ಶಿಲ್ಪ.

ನಿನ್ನೆ ಬೆಳಿಗ್ಗೆ ಟವಿಟ ಬೆಂಕಿ ಹಾಕಿದ. ಕಲ್ಲು ಕೆಂಪಗೆ ಕಾದವು. ಹಂದಿಮರಿ, ಗೆಡ್ಡೆ, ಎಲ್ಲ ಜೋಡಿಸಿ ಬಾಳೆಎಲೆ ಮುಚ್ಚಿ, ಒದ್ದೆ ಗೋಣಿ ಹೊದಿಸಿ ಕೂತೆವು. ಹೊಗೆ ಸ್ವಲ್ಪ ಎದ್ದಿತು. ಸ್ವಲ್ಪ ಎಂದರೆ, ಮೂರನೆಯ ಮಹಡಿ ಕಾಣಿಸುತ್ತಿರಲಿಲ್ಲ. ಅಷ್ಟರಲ್ಲಿ ಬೆಂಕಿ ಆರಿಸುವ ಕೆಂಪು ಬಂಡಿ ಸೈರನ್ ಕೂಗಿಸುತ್ತ ಗೇಟಿನೊಳಗೆ ಬಂತು. ಇಮೋಜೆನ್ ರಾತ್ರಿಯ ಉಡುಪಿನಲ್ಲೇ ಓಡಿ ಬಂದಳು.

"ಅದು ಕಲಾಕೃತಿ ಕಣ್ರೀ! ನೀವು ಕಲಾಕೃತಿಗೆ ಬೆಂಕಿ ಇಟ್ಟಿದೀರಿ!"

ಜರಿಗಿಡದ ಹಿಂದೆ ಹಿತ್ತಾಳೆಯ ಫಲಕವಿತ್ತಂತೆ. ನಾವು ಯಾರು ಅಲ್ಲಿ ನೋಡಲು ಹೋದೇವು? ಟವಿಟ ಬಗ್ಗಿ ಓದಿದ: 'ನಿದ್ರಿಸುವ ಜ್ವಾಲಾಮುಖಿ'. ನೆಟ್ಟಗೆ ನಿಂತು ನನ್ನ ಕಿವಿಯಲ್ಲಿ, "ಎಬ್ಬಿಸ್ಬಿಟ್ವಲ್ಲ ಅಕ್ಕಾ" ಎಂದ.

ಬಂಡಿಯ ದಪ್ಪ ಮೀಸೆಯ ಮುಖ್ಯಸ್ಥ ಕೊಳವೆ ಹಿಡಿದು ಬಂದ. "ಅಮ್ಮಾ, ನೀರು ಹೊಯ್ಯಲೇಬೇಕು."

"ಹೊಯ್ಯಪ್ಪ. ಒಳಗೆ ಮೂವತ್ತು ಜನರ ಊಟ ಇದೆ. ಅಷ್ಟೂ ಪಾಪ ನಿನ್ನ ತಲೆಗೆ."

"ಇನ್ನೆಷ್ಟು ಹೊತ್ತು ಬೇಕು?"

"ನಲವತ್ತು ನಿಮಿಷ."

ಅವನು ತನ್ನ ಹುಡುಗರ ಮುಖ ನೋಡಿದ. ಹುಡುಗರು ಗೋಣಿಯ ಕಡೆ ನೋಡುತ್ತಿದ್ದರು. "ಹಾಗಾದ್ರೆ ಆರೋವರ್ಗೂ ಕಾವಲು ಇರ್ಬೇಕಾಗುತ್ತೆ" ಎಂದು ಬೆಂಚಿನ ಮೇಲೆ ಕೂತ. ಕಾವಲಿದ್ದು, ಉಂಡು, ಎರಡೆರಡು ಸಲ ಬಡಿಸಿಕೊಂಡು ಹೋದರು. ಇಮೋಜೆನ್‌ಗೂ ತಟ್ಟೆ ಹಿಡಿದೆ. ಮುಟ್ಟಲಿಲ್ಲ.

ಫುವಾಟಿನೊ


ಓಮರೂ
ಆಗಸ್ಟ್ ೯

ಫುವಾ,

ನಿನ್ನ ಕಾಗದ ಓದುತ್ತ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ನನಗೇನೋ ಆಯಿತೆಂದು ರೇವಿನ್ ಓಡಿ ಬಂದು ಬೆನ್ನಿಗೆ ಗುದ್ದಿದಳು. ಅವಳಿಗೆ ಓದಲು ಕೊಟ್ಟೆ. ಆಮೇಲೆ ಅವಳ ಬೆನ್ನಿಗೆ ನಾನು ಗುದ್ದಬೇಕಾಯಿತು.

ಆದರೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಬರೆದದ್ದೇ ಆಯಿತು, ನೋಡು. ಒಂದೇ ಅಂಗಳ, ಅವರಿಗೆ ಅದು ನೋಡುವ ಕಲ್ಲು, ನಿಮಗೆ ಬೇಯಿಸುವ ಕಲ್ಲು. ಇನ್ನೆರಡು ತಿಂಗಳಲ್ಲಿ ನಡುವೆ ಬೇಲಿ ಬರುತ್ತದೆ. ಬರೆದಿಟ್ಟುಕೋ.

ನೋಲೀನ್

ದಪ್ಪ ಮೀಸೆಯವನು ಪಾಲುಸಾಮಿ ಎಷ್ಟು ತಿಂದ?


ಟೊರೋವಾ ರಸ್ತೆ
ಸೆಪ್ಟೆಂಬರ್ ೧೬

ನೋಲೀನ್,

ನಾಲ್ಕು.

ನಿನ್ನ ನಾಲಿಗೆಯ ಮೇಲೆ ಮಚ್ಚೆ ಇದೆಯೋ ಏನೋ. ಬೇಲಿಯ ಪ್ರಸ್ತಾಪ ಬಂದೇಬಿಟ್ಟಿದೆ. ಅಂಗಳದ ನಡುವೆ ಆರಡಿ ಎತ್ತರ, ಆಚೆ ಅವರಿಗೆ ಬೇರೆ ಗೇಟು. ಅಕ್ಟೋಬರ್ ಹದಿಮೂರಕ್ಕೆ ಸಭೆ. ಬಾಗಿಲಿಗೊಂದು ಮತ. ಕಟ್ಟಬೇಕಾದರೆ ಇಪ್ಪತ್ತನಾಲ್ಕರಲ್ಲಿ ಹದಿಮೂರು ಮತ ಬೀಳಬೇಕು. ಇಮೋಜೆನ್ ತಾನೇ ಬಂದು ನೋಟಿಸು ಕೊಟ್ಟಳು. "ನಿಮ್ಮ ಮೇಲೆ ಕೋಪ ಇಲ್ಲ, ಎಲ್ಲರ ನೆಮ್ಮದಿಗೆ ಅಷ್ಟೇ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ಎಲ್ಲರೂ ಮೆಲ್ಲಗೆ ಓಡಾಡುತ್ತೇವೆ. ನಮ್ಮ ಬಾಲ್ಕನಿಗಳ ಬಟ್ಟೆ ಒಳಗೆ ಹೋಗಿದೆ. ಟವಿಟ ಕಸದ ಡಬ್ಬಿಗಳ ಹಿಂದೆ, ಸ್ವಂತ ಕಲ್ಲು ತಂದು, ಕಳ್ಳನ ಹಾಗೆ ಉಮು ಹಾಕುತ್ತಾನೆ. ನಾನು ತಟ್ಟೆ ಕಳಿಸುವುದನ್ನು ಬಿಟ್ಟಿಲ್ಲ. ಮೊದಲಿಗಿಂತ ದೊಡ್ಡ ತಟ್ಟೆ ಕಳಿಸುತ್ತಿದ್ದೇನೆ. ನನ್ನ ಕೈಲಾಗುವುದು ಅದೊಂದೇ.

ಫುವಾಟಿನೊ


ಟೊರೋವಾ ರಸ್ತೆ
ಅಕ್ಟೋಬರ್ ೧೪

ನೋಲೀನ್,

ಸಭೆ ಮುಗಿಯಿತು. ಬೇಲಿ ಬೇಡವೆಂದು ಮಾತಾಡಲು ನಮ್ಮವರು ನನ್ನನ್ನು ಮುಂದೆ ತಳ್ಳಿದರು. ಎದ್ದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಎಷ್ಟೊಂದು ಮರ್ಯಾದೆಯಿಂದ ನೋಡುತ್ತಿದ್ದರು! ಆ ಮರ್ಯಾದೆ ತಡೆಯಲಾಗದೆ ನನ್ನ ಬಾಯಿಂದ ಬಂದದ್ದು ಇದು: "ಕಟ್ಟಿಬಿಡಿ. ಆ ಕಡೆ ನೀವು ಆರಾಮಾಗಿರಿ, ಈ ಕಡೆ ನಾವು ಜೋರಾಗಿ ನಗ್ತೀವಿ."

ಟವಿಟ ತಲೆ ಮೇಲೆ ಕೈ ಹೊತ್ತುಕೊಂಡ. ಬೇಲಿಗೆ ಹನ್ನೆರಡು ಮತ ಬಿತ್ತು, ಅದರಲ್ಲಿ ನನ್ನದೂ ಒಂದು. ಬೇಡವೆಂದು ಹನ್ನೊಂದು. ನಿನ್ನ ಬಾಗಿಲಿಗೆ ಯಾರೂ ಇಲ್ಲವಲ್ಲ. ಹದಿಮೂರು ಆಗದ ಕಾರಣ ನವೆಂಬರ್ ಇಪ್ಪತ್ತೆಂಟಕ್ಕೆ ಮತ್ತೊಮ್ಮೆ ಸಭೆ.

ನೀನು ಹೇಳಿದ್ದೇ ಸರಿ, ನೋಲೀನ್. ಬೇರೆ ಬೇರೆ ಇರುವುದೇ ನೆಮ್ಮದಿ. ಓಮರೂದಲ್ಲೇ ಸುಖವಾಗಿರು. ಕಚೇರಿಯ ಹುಡುಗಿಗೆ ನಾನೇ ಹೇಳುತ್ತೇನೆ.

ಫುವಾಟಿನೊ


ಓಮರೂ
ಅಕ್ಟೋಬರ್ ೨೧

ಎಲೈ ಫುವಾಟಿನೊ,

ನನ್ನ ಮಾತಿಗೆ ಒಪ್ಪು ಎಂದು ನಿನಗೆ ಯಾರು ಹೇಳಿದರು? ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಒಪ್ಪದವಳು ಈಗ ಒಪ್ಪುತ್ತೀಯಾ? ಕಚೇರಿಯ ಹುಡುಗಿಗೆ ಏನಾದರೂ ಹೇಳಿದೆಯೋ, ಜೋಕೆ.

ನಾನು ಬರೆದದ್ದು ಸುಳ್ಳು. ಇಲ್ಲಿ ಎಲ್ಲರೂ ಒಂದೇ ಥರ ಇರುವುದರಿಂದ ಯಾರಿಗೂ ಯಾರ ಹತ್ತಿರವೂ ಕೆಲಸವಿಲ್ಲ. ಎಲ್ಲರ ಮನೆಯಲ್ಲೂ ಸಕ್ಕರೆ ಇದೆ. ಮೂರು ವರ್ಷದಲ್ಲಿ ಈ ಮನೆಗೆ ತಾವಾಗಿ ಬಂದವು ಪೆಂಗ್ವಿನ್‌ಗಳು ಮಾತ್ರ.

ಇನ್ನು ನಮ್ಮ ಹಳೆಯ ಬೀದಿ. ಬೀದಿ ದೀಪ ಹನ್ನೊಂದು ತಿಂಗಳು ಉರಿಯದೆ ನಿಂತಿತ್ತು, ನೆನಪಿದೆಯಾ? ನೀನು ಆರು ಅರ್ಜಿ ಬರೆದೆ, ನಾನು ನಾಲ್ಕು. ಯಾರೂ ಕಣ್ಣೆತ್ತಿ ನೋಡಲಿಲ್ಲ. ಆ ನಿಮ್ಮ ಇಮೋಜೆನ್ ಒಂದು ಅರ್ಜಿ ಬರೆದಿದ್ದರೆ ಮರುದಿನವೇ ಏಣಿ ಬರುತ್ತಿತ್ತು. ಅದಕ್ಕೇ ನನಗೆ ಅವಳಂಥವರನ್ನು ಕಂಡರೆ ಮೈ ಉರಿಯುತ್ತದೆ. ಅದಕ್ಕೇ ಅವಳು ನಿಮ್ಮ ಗೇಟಿನೊಳಗೇ ಇರಬೇಕು.

ಈಗ ನಿನ್ನ ತಪ್ಪು ಕೇಳು. ನೀನು ಕೊಟ್ಟು ಕೊಟ್ಟೇ ಜನರನ್ನು ಓಡಿಸುತ್ತೀಯ. ನಾನು ಮೊದಲ ಸಲ ನಿಮ್ಮ ಮನೆಗೆ ಬಂದಾಗ ನೀನು ನನ್ನನ್ನು ಪಾದ್ರಿಯನ್ನು ಕೂರಿಸಿದ ಹಾಗೆ ಕೂರಿಸಿ, ಉಣಿಸಿ, ನಾನು ತಿನ್ನುವುದನ್ನೇ ನೋಡುತ್ತ ಕೂತೆ. ಅತಿಥಿಯ ಕೈಗೆ ಕೆಲಸ ಕೊಟ್ಟರೆ ಮನೆತನಕ್ಕೇ ಅವಮಾನವಂತೆ ನಿಮ್ಮಲ್ಲಿ. ನಾನು ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ನಾವು ಗೆಳತಿಯರಾದದ್ದು ಯಾವಾಗ? ಕಾರ್ಖಾನೆಯ ಒಲೆಯಲ್ಲಿ ನಿನ್ನ ಕೈ ಸುಟ್ಟು, ಬೇರೆ ದಾರಿಯಿಲ್ಲದೆ ನನ್ನನ್ನು ಕೆಸುವಿನ ಗೆಡ್ಡೆ ಹೆರೆಯಲು ಕೂರಿಸಿದೆಯಲ್ಲ, ಅವತ್ತು. ಮೂರು ದಿನ ನನ್ನ ಕೈ ತುರಿಸಿತು. ಇಮೋಜೆನ್‌ಗೆ ತಟ್ಟೆ ಕಳಿಸುವುದನ್ನು ನಿಲ್ಲಿಸು. ಏನಾದರೂ ಕೇಳು.

ಕೊನೆಯದಾಗಿ ಸಹಿಯ ವಿಷಯ. ನಾನೂ ಸಹಿ ಹಾಕುತ್ತಿದ್ದೆ ಕಣೇ, ಆ ಮನೆ ಇರುವ ಹಾಗಿತ್ತೇ? ನನ್ನ ಸಿಟ್ಟು ಸಹಿಯ ಮೇಲಲ್ಲ. ಹೊಸ ಪರದೆ ಕೊಳ್ಳುವಾಗಲೂ ನನ್ನನ್ನು ಕೇಳುತ್ತಿದ್ದವಳು, ಮನೆ ಬಿಟ್ಟುಕೊಡುವಾಗ ಕೇಳಲಿಲ್ಲ. ಕಚೇರಿಯವನು ನಿನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುವುದನ್ನು ನನ್ನ ಕಿಟಕಿಯಿಂದ ನೋಡಿ ತಿಳಿದುಕೊಳ್ಳಬೇಕಾಯಿತು. ನನಗೆ ತುಂಬ ನೋವಾಯಿತು.

ನೋಲೀನ್


ಟೊರೋವಾ ರಸ್ತೆ
ನವೆಂಬರ್ ೧೧

ನೋಲೀನ್,

ತಪ್ಪಾಯಿತು. ಗೋಡೆಯ ಬೂಷ್ಟಿಗೆ ನನ್ನ ಉಬ್ಬಸ ಹೆಚ್ಚಾಗಿತ್ತು, ಇನ್ನೊಂದು ಚಳಿಗಾಲ ಅಲ್ಲಿ ಕಳೆಯಲು ಹೆದರಿದ್ದೆ. ನಿನ್ನನ್ನು ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ. ಬಾಯಲ್ಲಿ ಎಷ್ಟು ವಾದಿಸಿದರೂ ನಿನ್ನ ಮಾತು ಮೀರುವುದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ಹೇಡಿಯ ಕೆಲಸ ಮಾಡಿದೆ. ಬರೆಯಲು ಬರುವುದಿಲ್ಲ ಎಂದಿದ್ದೆ, ಬರೆದೆ ನೋಡು.

ನೀನು ಹೇಳಿದ ಹಾಗೆ ಮೂರು ಭಾನುವಾರ ತಟ್ಟೆ ಕಳಿಸಲಿಲ್ಲ. ಕೈ ಕಟ್ಟಿದ ಹಾಗಾಗುತ್ತಿತ್ತು. ನಿನ್ನೆ ಕಸದ ಡಬ್ಬಿಗಳ ಹಿಂದೆ ಹೊಗೆ ಎದ್ದಾಗ ಇಮೋಜೆನ್ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು. ದೂರು ಹೇಳಲೆಂದೇ ಬಂದಿದ್ದಳು. ಅವಳು ಬಾಯಿ ತೆಗೆಯುವ ಮೊದಲೇ ಕಣ್ಣು ಮುಚ್ಚಿಕೊಂಡು ಅಂದುಬಿಟ್ಟೆ:

"ಬಂದ್ಯಾ ಮಗಳೇ? ಹತ್ತು ತೆಂಗಿನಕಾಯಿ ತುರೀಬೇಕು, ನನ್ನ ತೋಳು ಬಿದ್ದೋಗಿದೆ. ಕೂತ್ಕೋ."

ನಮ್ಮಮ್ಮ ಕೇಳಿದ್ದರೆ ಸಮಾಧಿಯಿಂದ ಎದ್ದು ಬಂದು ನನ್ನ ಕಪಾಳಕ್ಕೆ ಹೊಡೆಯುತ್ತಿದ್ದಳು. ಇಮೋಜೆನ್ ಹಿಂದೆ ಮುಂದೆ ನೋಡಿದಳು. ಆಮೇಲೆ ತುರಿಮಣೆಯ ಮೇಲೆ ಕುದುರೆ ಹತ್ತಿದ ಹಾಗೆ ಕೂತಳು. ಮೊದಲ ಕಾಯಿಗೇ ಬೆರಳ ಗಂಟು ತರಚಿಕೊಂಡಳು. "ಅಯ್ಯೋ, ಇದೇನ್ರೀ ಇದು, ಕೊಲೆ ಆಯುಧ!" ಎಂದು ಕಿರುಚಿ ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಹಂದಿಯ ಹಾಗೆ ಗೊರಗೊರ ಸದ್ದು ಮಾಡಿ ನಗುತ್ತಾಳೆ.

ನಾಲ್ಕನೆಯ ಕಾಯಿಯ ಹೊತ್ತಿಗೆ, "ಇಷ್ಟು ದಿನ ಯಾಕೆ ನನ್ನನ್ನ ಕರೀಲಿಲ್ಲ?" ಎಂದು ಕೇಳಿದಳು.

"ಪ್ರತಿ ಭಾನುವಾರ ತಟ್ಟೆ ಕಳಿಸ್ತಿದ್ನಲ್ಲಮ್ಮ!"

"ತಟ್ಟೆ ಬಂತು. ಕರೆ ಬರ್ಲಿಲ್ಲ. ನನಗೆ ಮೊಟ್ಟೆ ಬೇಯ್ಸೋಕೂ ಬರಲ್ಲ, ತಿರುಗಿಸಿ ಏನು ಕೊಡ್ಲಿ? ಕೆಳಗೆ ಅಷ್ಟು ಜನ ನಗ್ತಿರ್ತೀರಿ, ನಾನು ಮೇಲೆ ಒಬ್ಳೇ ಕೂತು ನಿಮ್ಮ ಊಟ ತಿಂತಿದ್ದೆ. ಅದಕ್ಕೆ ಬೇಲಿನಾದ್ರೂ ಬರ್ಲಿ ಅನ್ನಿಸ್ತು."

ಎಂಥ ದಡ್ಡಿ ನಾನು, ನೋಲೀನ್. ಗೌರವ ಮಾಡಿ ಮಾಡಿ ಅವಳನ್ನು ಹೊರಗೇ ನಿಲ್ಲಿಸಿದ್ದೆ. ಹತ್ತೂ ಕಾಯಿ ಅವಳ ಕೈಲೇ ತುರಿಸಿದೆ.

ಅವಳ ಮತ ಈಗ ಬೇಲಿಗಿಲ್ಲ, ನನ್ನದೂ ಇಲ್ಲ. ಬೇಲಿ ಬಿದ್ದ ಹಾಗೆಯೇ. ಆದ್ದರಿಂದ ನಿನ್ನ ಮತ ಯಾರಿಗೂ ಬೇಕಾಗಿಲ್ಲ. ನನಗೆ ನೀನು ಬೇಕು. ಮೂವತ್ತನೆಯ ತಾರೀಖಿಗೆ ಹತ್ತೊಂಬತ್ತು ದಿನ ಉಳಿದಿದೆ. ಬಾ.

ಫುವಾ


ಓಮರೂ
ನವೆಂಬರ್ ೨೦

ಫುವಾ,

ಕೇಳಲು ಕೊನೆಗೂ ಕಲಿತೆ.

ಸಹಿ ಹಾಕಿ ಕಳಿಸಿದ್ದೇನೆ. ಹಾಕುವ ಮೊದಲು ನಿನ್ನನ್ನು ಕೇಳಲಿಲ್ಲ, ಲೆಕ್ಕ ಸರಿಹೋಯಿತು. ಡಿಸೆಂಬರ್ ಐದಕ್ಕೆ ಬರುತ್ತೇನೆ. ಟವಿಟನಿಗೆ ಬಂಡಿ ತರಲು ಹೇಳು, ನನ್ನ ಬೀರು ಭಾರವಿದೆ. ಮೇಲಿನ ವಕೀಲೆಗೂ ಹೇಳು, ಅದನ್ನು ಹಿಡಿಯಲು ನಾಲ್ಕು ಕೈ ಬೇಕು. ಮೊದಲ ದಿನವೇ ತಟ್ಟೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದೆಯೋ, ವಾಪಸು ಓಮರೂಗೆ ಹೊರಡುತ್ತೇನೆ.

ರೇವಿನ್ ಅಳುತ್ತಿದ್ದಾಳೆ. ಪೆಂಗ್ವಿನ್‌ಗಳಿಗೆ ಏನೂ ಅನ್ನಿಸಿಲ್ಲ.

ನೋಲೀನ್


ಟೊರೋವಾ ರಸ್ತೆ
ನವೆಂಬರ್ ೨೯

ನೋಲೀನ್,

ಬೇಲಿಗೆ ಐದೇ ಕೈ ಎದ್ದವು. ಆ ಐದು ಜನ ಇನ್ನೂ ಗಂಟು ಮುಖ ಹಾಕಿಕೊಂಡಿದ್ದಾರೆ. ಇರಲಿ, ನಿನಗೂ ಕೆಲಸ ಬೇಕಲ್ಲ. ನಿದ್ರಿಸುವ ಜ್ವಾಲಾಮುಖಿಯನ್ನು ತಿಂಗಳ ಮೊದಲ ಭಾನುವಾರ ಎಬ್ಬಿಸಬಹುದೆಂದು ಇಮೋಜೆನ್ ನಿಯಮ ಬರೆದು ತಂದಿದ್ದಳು. ಅದೂ ಪಾಸಾಯಿತು. ನಿನ್ನ ಕಿಟಕಿಗಳನ್ನು ಒರೆಸಿಲ್ಲ, ಅಡುಗೆಮನೆ ಗುಡಿಸಿಲ್ಲ. ಎಲ್ಲ ನಿನಗೇ ಬಿಟ್ಟಿದ್ದೇನೆ. ಇಷ್ಟು ಕಷ್ಟದ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ.

ಫುವಾ


೭ನೇ ಬಾಗಿಲು
ಡಿಸೆಂಬರ್ ೧೫, ಬೆಳಿಗ್ಗೆ
(ಬಾಗಿಲ ಸಂದಿಯಿಂದ)

ಫುವಾ,

ಅರ್ಧ ಗಂಟೆಯಿಂದ ನೀನೂ ಇಮೋಜೆನ್ನೂ ಟವಿಟನೂ ನನ್ನ ಕಿಟಕಿಯ ಕೆಳಗೆ ನಿಂತು ನಗುತ್ತಿದ್ದೀರಿ. ಟವಿಟ ಎರಡು ಸಲ ಗೋಡೆ ಹಿಡಿದುಕೊಂಡ. ಇಮೋಜೆನ್ ಕಣ್ಣೊರೆಸಿಕೊಂಡಳು. ನನಗೆ ಒಂದು ಅಕ್ಷರವೂ ಕೇಳಿಸುತ್ತಿಲ್ಲ. ಯಾರು ಏನಂದರು ಎಂಬುದನ್ನು ಈ ಚೀಟಿಯ ಹಿಂದೆಯೇ ಬರೆದುಕೊಂಡು, ಮೂವರೂ ಈಗಲೇ ನನ್ನ ಮನೆಗೆ ಬನ್ನಿ. ಚಿಕ್ಕದು ಮಾಡಿ ಬರೆಯಬೇಡ. ಯಾರು ಮೊದಲು ನಕ್ಕರು ಎಂಬುದನ್ನೂ ಬರೆ.

ನೋಲೀನ್